ಕವಳಿ ಮುಳ್ಳಿನ ಕೆಳಗೆ

ಬಣಕಲ್ಲಿನ ಕಲ್ಲಮ್ಮ ಅರವತ್ತೆರಡು ವರ್ಷದಲ್ಲಿ ಒಮ್ಮೆಯೂ ಮೊಟ್ಟೆ ಮುಟ್ಟಿದವರಲ್ಲ. ಆದರೆ ಪಕ್ಕದ ಮನೆಯ ಧನ್ಯಾ ಹೆರಿಗೆಗೆ ತವರಿಗೆ ಹೊರಟು ನಿಂತು, "ನಮ್ಮನೆಯವ್ರು ಲಾರಿ ಹತ್ತಿದ್ರೆ ವಾರಗಟ್ಲೆ ಬರಲ್ಲಮ್ಮ. ನನ್ ಕೋಳಿಗಳಿಗೆ ಒಂದ್ ಹಿಡಿ ನುಚ್ಚು ಹಾಕ್ತೀರಾ?" ಎಂದು ಕೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಕೋಳಿಗಳು ಮೂರೇ ದಿನಕ್ಕೆ ಕಲ್ಲಮ್ಮನ ಹಿತ್ತಲಿಗೆ ಬಂದು ಬೀಡುಬಿಟ್ಟವು. ಅಲ್ಲಿ ಬೇಲಿಗುಂಟ ನಾಲ್ಕು ಹಳೆಯ ಕವಳಿ ಗಿಡಗಳಿದ್ದವು. ಆಳೆತ್ತರ, ಮೈಯೆಲ್ಲ ಮುಳ್ಳು. ಮೇಲೆ ಪಿಕಳಾರ ಹಕ್ಕಿಗಳ ಗಲಾಟೆ. ಒಮ್ಮೆ ಗಿಡುಗ ಎರಗಿದಾಗ ಪಿಕಳಾರಗಳು ಕಿರುಚಿಕೊಂಡವು, ಕೋಳಿಗಳು ಮುಳ್ಳಿನ ಬುಡಕ್ಕೆ ನುಗ್ಗಿ ಉಳಿದವು. ಅಲ್ಲಿಯೇ ಕೆಂದು ಹೇಂಟೆಯೊಂದು ಒಂಬತ್ತು ಮೊಟ್ಟೆಯ ಮೇಲೆ ಕಾವಿಗೆ ಕೂತಿತು.

ಗಂಡ ಓಂಕಾರಮೂರ್ತಿ ಕಾರಿಗೆ ಶೆಡ್ ಹಾಕಲು ಆ ಗಿಡಗಳನ್ನು ಕಡಿಸಬೇಕೆಂದಿದ್ದರು.

"ಇಪ್ಪತ್ತೊಂದು ದಿನ ತಡೀರಿ. ಬಾಣಂತಿ ಥರ ಕೂತಿದೆ ಅದು" ಎಂದರು ಕಲ್ಲಮ್ಮ.

"ಕೋಳಿಗೂ ಬಾಣಂತನ ಮಾಡ್ತೀಯೇನೇ?" ಎಂದು ನಕ್ಕರೂ ಮೂರ್ತಿಯವರು ಆಳನ್ನು ಕರೆಸಲಿಲ್ಲ.

ಇಪ್ಪತ್ತನೆಯ ದಿನ ಮಧ್ಯಾಹ್ನ ಆಲಿಕಲ್ಲು ಮಳೆ ಹೊಡೆಯಿತು. ಹಿತ್ತಲ ನೀರೆಲ್ಲ ಕವಳಿ ಬುಡಕ್ಕೇ ಹರಿಯತೊಡಗಿತು. ಹೇಂಟೆ ನೆನೆದು ಮುದ್ದೆಯಾಗಿದ್ದರೂ ಕದಲಲಿಲ್ಲ. ಕಲ್ಲಮ್ಮ ಹಿಂದುಮುಂದು ನೋಡದೆ ಮುಳ್ಳಿನೊಳಗೆ ತೂರಿದರು. ಕೈ ಗೀರಿತು, ಹೇಂಟೆ ಕುಕ್ಕಿತು. ಒಂದೊಂದೇ ಮೊಟ್ಟೆಯನ್ನೆತ್ತಿ ಸೆರಗಿನಲ್ಲಿ ಕಟ್ಟಿಕೊಂಡರು. ಬೆಚ್ಚಗಿದ್ದವು. ಹೊಟ್ಟೆಗೆ ಒತ್ತಿ ಹಿಡಿದಾಗ ಒಂದರೊಳಗಿನಿಂದ ಟಕ್, ಟಕ್ ಎಂದಿತು.

"ರೀ, ಇಲ್ಬನ್ನಿ! ಒಳಗಿಂದ ಕದ ತಟ್ತಾ ಇದೆ ಇದು!"

ಮೂರ್ತಿಯವರು ಕೊಡೆ ಹಿಡಿದು ಓಡಿಬಂದು, ಬೈಯುತ್ತಲೇ ಹೇಂಟೆಯನ್ನು ಗೋಣಿಚೀಲದಲ್ಲಿ ಸುತ್ತಿ ಎತ್ತಿಕೊಂಡರು. ಸೌದೆಕೊಟ್ಟಿಗೆಯಲ್ಲಿ ಬುಟ್ಟಿಗೆ ಹುಲ್ಲು ಹಾಸಿದ್ದೂ ಅವರೇ. ಮರುದಿನ ಏಳು ಮರಿ ಹೊರಬಂದವು. ಎರಡು ಮೊಟ್ಟೆ ಒಡೆಯಲೇ ಇಲ್ಲ. ಕಲ್ಲಮ್ಮ ಅವನ್ನು ಸಂಜೆಯವರೆಗೂ ಕಿವಿಗಿಟ್ಟು ನೋಡಿ, ಕೊನೆಗೆ ಗಿಡದ ಬುಡದಲ್ಲಿ ಹೂತರು. ಶೆಡ್ಡನ್ನು ರಸ್ತೆ ಬದಿಗೆ ಹಾಕಿಸಿದ್ದಾಯಿತು.

ಕವಳಿ ಹಣ್ಣು ಕಪ್ಪಾಗುವ ಹೊತ್ತಿಗೆ ಧನ್ಯಾ ಹೆಣ್ಣುಮಗುವಿನೊಂದಿಗೆ ಬಂದಳು. ಕಲ್ಲಮ್ಮ ಮಗುವನ್ನೆತ್ತಿಕೊಂಡು ಹಿತ್ತಲಿಗೆ ಹೋದರೆ, ಮೂರ್ತಿಯವರು ಆಗಲೇ ಮುಳ್ಳಿನ ಮುಂದೆ ಮಂಡಿಯೂರಿ ಬಗ್ಗಿ ನೋಡುತ್ತಿದ್ದರು.

"ಆರೇ ಕಾಣ್ತಾವಲ್ಲೇ ಮಾರಾಯ್ತಿ!"

"ಇನ್ನೊಂದು ನಿಮ್ಮ ಬೆನ್ನ ಹಿಂದಿದೆ" ಎಂದು ಕಲ್ಲಮ್ಮ ನಕ್ಕರು. ಆ ನಗುವಿಗೆ ಮಗು ಕಣ್ಣು ಬಿಟ್ಟಿತು.