ಜಿಂಕೆಗಳಿಗೆ ಭಯ ಕಲಿಸುವ ದ್ಯಾವಯ್ಯ

ಬೆಳಗಿನ ಏಳು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಮಲ್ಲಿಪಟ್ಟಣದಿಂದ ನಾಲ್ಕು ಕಿಲೋಮೀಟರ್ ಆಚೆ, ಮುಸುಕಿನ ಜೋಳದ ಹೊಲಗಳು ಮುಗಿದು ಕಾಡು ಶುರುವಾಗುವ ಕಡೆ ಮರಗಳ ನಡುವೆ ಒಂದು ಸಣ್ಣ ಬಯಲು. ಅದರ ಅಂಚಿನಲ್ಲಿ ಕಂಬಳಿ ಹೊದ್ದು ಕೂತ ದ್ಯಾವಯ್ಯನವರ ಬಲಗೈಯಲ್ಲಿ ಕವಣೆ ಇದೆ, ಮಡಿಲಲ್ಲಿ ನಿಂಬೆಗಾತ್ರದ ಕಲ್ಲುಗಳಿವೆ. ಮಂಜಿನೊಳಗಿಂದ ಮೊದಲು ಎರಡು ಕಿವಿ ಕಾಣುತ್ತವೆ. ಆಮೇಲೆ ಒಂದು ಹೆಣ್ಣು ಜಿಂಕೆ, ಅದರ ಬೆನ್ನಿಗೆ ಇನ್ನೂ ಮೂರು, ಕೊನೆಗೊಂದು ಮರಿ.

ದ್ಯಾವಯ್ಯ ಎದ್ದು ನಿಂತು, "ಓಯ್! ಓಗ್ರೋ, ಓಗ್ರೋ ಅತ್ಲಾಗೆ!" ಎಂದು ಅರಚಿ ಕವಣೆ ಬೀಸುತ್ತಾರೆ. ಮುಂದಿನ ಜಿಂಕೆಯ ಕಾಲ ಬಳಿ ಮಣ್ಣು ಚಿಮ್ಮುತ್ತದೆ. ಐದೂ ತಿರುಗಿ ಹಾರುತ್ತವೆ. ಅವು ನಿಂತಿದ್ದ ಜಾಗವನ್ನು ಕಣ್ಣಲ್ಲೇ ಅಳೆದು, "ಅನ್ನೆಲ್ಡು ಮಾರು" ಎನ್ನುತ್ತಾರೆ. ಎರಡೂ ಕೈ ಚಾಚಿದರೆ ಎಷ್ಟು ಉದ್ದವೋ ಅಷ್ಟು ಒಂದು ಮಾರು. "ನೆನ್ನೆ ಅತ್ತೇ ಮಾರಿತ್ತು. ಪರ್ವಾಗಿಲ್ಲ."

ಹೀಗೆ ಓಡಿಸುವುದಕ್ಕಾಗಿ ಅವರನ್ನು ಯಾರೂ ನೇಮಿಸಿಲ್ಲ. ಇದೇ ಬಯಲಿಗೆ ಇದೇ ಜಿಂಕೆಗಳನ್ನು ಒಂಬತ್ತು ವರ್ಷ ಕರೆದು ಕರೆದು ಹತ್ತಿರ ಮಾಡಿಕೊಂಡವರೂ ಇವರೇ.

ದ್ಯಾವಯ್ಯನವರಿಗೆ ಈಗ ಐವತ್ತೆಂಟು. ಮೊದಲು ಜೋಳದ ಹೊಲದ ಕಾವಲಿಗಿದ್ದರು. ಜಿಂಕೆ ಯಾವ ದಾರಿಯಲ್ಲಿ ಬರುತ್ತದೆ, ಗಾಳಿ ಯಾವ ಕಡೆ ಇದ್ದರೆ ಬರುವುದಿಲ್ಲ, ಎಲ್ಲ ಅಟ್ಟಣೆಯ ಮೇಲೆ ಕೂತು ಕಲಿತದ್ದು. ಅರಕಲಗೂಡಿನ ಹರ್ಷವರ್ಧನ್ ಅವರು ಕಾಡಿಗೆ ಅಂಟಿಕೊಂಡು ಪಾಳುಬಿದ್ದಿದ್ದ ತಮ್ಮ ಜಮೀನಿನಲ್ಲಿ ಫೋಟೋಗ್ರಾಫರುಗಳಿಗೆಂದು ತೆಂಗಿನ ಗರಿಯ ಮರೆ ಕಟ್ಟಿಸಿದಾಗ ಅವರಿಗೆ ಬೇಕಾಗಿದ್ದುದು ಇಂಥದ್ದೇ ಮನುಷ್ಯ. ಕ್ಯಾಮೆರಾದವರು ಮರೆಯೊಳಗೆ ಕೂರಬೇಕು, ಜಿಂಕೆ ಮುಂದೆ ಬಂದು ನಿಲ್ಲಬೇಕು. ನಿಲ್ಲಿಸುವುದು ದ್ಯಾವಯ್ಯನ ಕೆಲಸ.

ಅವರು ತಗಡಿನ ಡಬ್ಬಕ್ಕೆ ಕಲ್ಲುಪ್ಪು ತುಂಬಿ ಗಲಗಲ ಅಲ್ಲಾಡಿಸಿ, ಹಿಡಿ ಹಿಡಿ ಎರಚಿ ಬಂದುಬಿಡುತ್ತಿದ್ದರು. ಮೊದಲ ಬೇಸಗೆಯಲ್ಲಿ ಜಿಂಕೆಗಳು ಅರವತ್ತು ಮಾರು ದೂರದಲ್ಲೇ ನಿಂತು ನೋಡಿ ಹೋದವು. ಎರಡನೆಯ ವರ್ಷ ಮೂವತ್ತು. ಆರನೆಯ ವರ್ಷದ ಹೊತ್ತಿಗೆ ಮೂರು ಮಾರು. ಡಬ್ಬದ ಸದ್ದು ಕೇಳಿದರೆ ಸಾಕು, ಹದಿನಾರಕ್ಕೆ ಹದಿನಾರೂ ಬಯಲಿಗೆ ಇಳಿಯುತ್ತಿದ್ದವು. ಇಲ್ಲಿ ತೆಗೆದ ಚಿತ್ರಗಳಿಗೆ ಬಹುಮಾನಗಳು ಬಂದಿವೆ. ಅವುಗಳಲ್ಲಿ ಒಂದರ ಕೆಳಗೂ ದ್ಯಾವಯ್ಯನ ಹೆಸರಿಲ್ಲ. ಅದರ ಬಗ್ಗೆ ಕೇಳಿದರೆ, "ಜಿಂಕೆ ಎಸ್ರೂ ಆಕಿರ್ಲಿಲ್ವಲ್ಲ ಸಾ" ಎಂದು ನಗುತ್ತಾರೆ. ನಾವು ಜೊತೆಗಿದ್ದ ಆ ಬೆಳಿಗ್ಗೆ ಅವರು ನಕ್ಕಿದ್ದು ಅದೊಂದೇ ಸಲ.

ಹೋದ ದೀಪಾವಳಿ ಕಳೆದ ಮೂರನೆಯ ದಿನ ಬಯಲಿಗೆ ಬಂದಾಗ ಹುಲ್ಲಿನ ಮೇಲೆ ರಕ್ತ ಬಿದ್ದಿತ್ತು. ಪೊದೆಯ ಹಿಂದೆ ನಾಲ್ಕು ತಲೆಗಳಿದ್ದವು. ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬ.

"ನನ್ ಡಬ್ಬ ಅಲ್ಲ ಸಾ ಅದು. ಎತ್ತಿ ಅಲ್ಲಾಡ್ಸಿ ನೋಡ್ದೆ. ಒಳ್ಗೆ ಉಪ್ಪಿತ್ತು. ಯಾವನೋ ನಾನು ಕರೆಯೋದ ನೋಡ್ಕಂಡು ಓಗವ್ನೆ. ಅವು ನಾನೇ ಅನ್ಕಂಡು ಬಂದವೆ."

ಹದಿನೈದು ದಿನಕ್ಕೆ ಇನ್ನೂ ಮೂರು ಹೋದವು. ಅರಣ್ಯ ಸಿಬ್ಬಂದಿ ಬಂದು ಮಹಜರು ಮಾಡಿದರು. ಹಿಡಿಯಲು ಯಾರೂ ಸಿಗಲಿಲ್ಲ. ಹರ್ಷವರ್ಧನ್ ಮರೆಗೆ ಬೀಗ ಹಾಕಿಸಿ, "ಸಾಕು ದ್ಯಾವಯ್ಯ, ನೀನೂ ಆ ಕಡೆ ಹೋಗ್ಬೇಡ" ಅಂದರು. ಅವರ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಉಳಿದ ಒಂಬತ್ತು ಜಿಂಕೆಗಳಿಗೆ ಮುಗಿದದ್ದು ಗೊತ್ತಾಗಲಿಲ್ಲ. ಅವು ಮಾರನೆಯ ದಿನವೂ ಬಂದು ನಿಂತವು.

ಅಂದೇ ದ್ಯಾವಯ್ಯ ಹಳೆಯ ಕವಣೆಯನ್ನು ಹುಡುಕಿ ತೆಗೆದರು. ಎಪ್ಪತ್ತು ದಿನವಾಯಿತು, ಒಂದು ದಿನವೂ ತಪ್ಪಿಸಿಲ್ಲ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಲ್ಲು. ಮೊದಲ ದಿನ ಮೈಗೆ ಬಿದ್ದ ಕಲ್ಲಿಗೆ ಒಂದು ಹೆಣ್ಣು ಜಿಂಕೆ ಬೆಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಅವರನ್ನೇ ನೋಡುತ್ತಾ ನಿಂತಿತಂತೆ. "ಯಾಕ್ ಒಡ್ದೆ ಅಂತ ಕೇಳ್ದಂಗಿತ್ತು. ಕೈಯೇ ಏಳ್ನಿಲ್ಲ ಸಾ ಆಮ್ಯಾಕೆ. ಆದ್ರೂ ಒಡ್ದೆ. ಒಡೀದಿದ್ರೆ ಇನ್ನೊಬ್ಬ ಒಡೀತಾನಲ್ಲ."

ಹಳ್ಳಿಯಲ್ಲಿ ಇದೊಂದು ತಮಾಷೆಯಾಗಿದೆ. ಟೀ ಅಂಗಡಿಯ ಮುಂದೆ ಆಟೋ ನಿಲ್ಲಿಸಿಕೊಂಡು ಕೂರುವ ಅಭಿಷೇಕ್, "ಏನ್ ದ್ಯಾವಣ್ಣ, ಇವತ್ತು ಎಷ್ಟ್ ಮಾರು?" ಎಂದು ದಿನಾ ವಿಚಾರಿಸುತ್ತಾನೆ.

"ನಿನ್ ನಾಲ್ಗೆಗಿಂತ ಒಂದ್ ಮಾರು ಕಮ್ಮಿ ಕಣ್ಲಾ."

"ಒಂಬತ್ ವರ್ಸ ಬಾ ಬಾ ಅಂದು ಈಗ ಓಗು ಅಂದ್ರೆ ಯಾವ್ ನೆಂಟ್ರು ಓಯ್ತಾರಣ್ಣ?" ಸುತ್ತ ಕೂತವರು ನಗುತ್ತಾರೆ. ದ್ಯಾವಯ್ಯ ಲೋಟ ಇಟ್ಟು ಎದ್ದುಬರುತ್ತಾರೆ.

ಆದರೆ ಅವರನ್ನು ಕುಗ್ಗಿಸಿದ್ದು ಆ ನಗೆಯಲ್ಲ, ಹೋದ ವಾರ ಹೆಂಡತಿ ಚಿಕ್ಕಲಕ್ಷ್ಮಮ್ಮ ಮಾಡಿದ ಪರೀಕ್ಷೆ. ಜಿಂಕೆಗಳು ಹತ್ತು ಮಾರಿಗೇ ಓಡುತ್ತಿವೆಯೆಂದು ಗಂಡ ಮನೆಯಲ್ಲಿ ಹಿಗ್ಗುತ್ತಿದ್ದಾಗ ಆಕೆಗೆ ಅನುಮಾನ ಬಂತು.

"ನಾನಂದೆ, ನೀನು ಪೊದೆ ಮರೇಲಿರು, ನಾನೊಂದ್ಸಲ ಓಗ್ತೀನಿ ಅಂತ. ಡಬ್ಬ ಇಡ್ಕಂಡು ಓದೆ. ಎಲ್ಡು ಸಲ ಅಲ್ಲಾಡ್ಸಿದ್ದೇ ತಡ, ಬಂದ್ಬುಟ್ಟೊ ಕಣಪ್ಪ! ಒಂಬತ್ತಕ್ಕೆ ಒಂಬತ್ತೂ. ಒಂದು ನನ್ ಸೆರಗೇ ಮೂಸ್ತು." ಮನೆಯಲ್ಲಿ ನಮ್ಮೊಂದಿಗೆ ಮಾತಾಡುತ್ತಲೇ ಚಿಕ್ಕಲಕ್ಷ್ಮಮ್ಮ ಸೌದೆ ಒಲೆಗೆ ತಳ್ಳಿ ಗಂಡನ ಕಡೆ ನೋಡುತ್ತಾರೆ. "ಅವು ಮನ್ಸರಿಗೆ ಎದ್ರಕ್ಕಿಲ್ಲ. ಇವನೊಬ್ಬನ್ಗೇ ಎದ್ರೋದು. ಉಪ್ಪು ಆಕಿದವನ್ನ ಕಂಡ್ರೆ ಓಡ್ತವೆ, ಕುಯ್ಯೋನ್ ಬಂದ್ರೆ ಅತ್ರ ಓಯ್ತವೆ. ಇಂಗಾಗೋಯ್ತು ಇವನ್ ಪಾಠ."

ದ್ಯಾವಯ್ಯ, "ಬ್ಯಾರೆ ಬ್ಯಾರೆಯವ್ರು ಒಡೀಬೇಕು ಸಾ" ಎನ್ನುತ್ತಾರೆ. "ದಿನಕ್ಕೊಬ್ಬ. ಎಂಗಸ್ರು, ಪ್ಯಾಂಟು ಆಕಿದವ್ರು, ಎಲ್ರೂ. ಆವಾಗ ಗೊತ್ತಾಯ್ತದೆ ಅವ್ಕೆ." ಊರಲ್ಲಿ ಮನೆ ಮನೆಗೆ ಹೋಗಿ ಕೇಳಿದ್ದಾರೆ. ಶುಂಠಿ ಕೀಳುವ ಕಾಲ, ಬೆಳಗಿನ ಹೊತ್ತು ಯಾರಿಗೂ ಬಿಡುವಿಲ್ಲ. ಕೀಟಲೆ ಮಾಡುತ್ತಲೇ ಅಭಿಷೇಕ್ ಎರಡು ದಿನ ಬಂದು ಆಟೋ ಹಾರ್ನ್ ಬಾರಿಸಿದ. ಮೂರನೆಯ ದಿನ ಅವನಿಗೆ ಅರಕಲಗೂಡಿಗೆ ಬಾಡಿಗೆ ಸಿಕ್ಕಿತು. ಹಿಂದೆ ಇಲ್ಲಿಗೆ ಬರುತ್ತಿದ್ದ ಕ್ಯಾಮೆರಾದವರಿಗೂ ಫೋನು ಮಾಡಿದರು. "ಪಾಪ, ಜಿಂಕೆಗೆ ಕಲ್ಲು ಹೊಡೆಯೋದಾ?" ಎಂದು ಒಬ್ಬರು ಬೈದರಂತೆ. ಈ ನಡುವೆ ಹಿಂಡಿನಲ್ಲಿ ಇನ್ನೊಂದು ಕಾಣೆಯಾಗಿದೆ. ಈಗ ಎಂಟು.

ಬಿಸಿಲು ಏರಿದ ಮೇಲೆ ಬಯಲಿಗೆ ಜಿಂಕೆಗಳು ಇನ್ನೊಂದು ಸಲ ಬರುತ್ತವೆ. ನಮ್ಮ ಪತ್ರಿಕೆಯ ಛಾಯಾಗ್ರಾಹಕ ಬಸವೇಶ ಬಯಲಿನಲ್ಲಿ ಕ್ಯಾಮೆರಾ ಸಜ್ಜು ಮಾಡಿಕೊಂಡು ನಿಂತಿದ್ದಾರೆ. ದ್ಯಾವಯ್ಯ ಹತ್ತಿರ ಹೋಗಿ ಕೈಮುಗಿಯುತ್ತಾರೆ.

"ಪೋಟೋ ಬ್ಯಾಡಿ ಸಾ. ಅದರ ಬದ್ಲು ಒಂದ್ ಕಲ್ಲು ಒಡೀರಿ. ನಿಮ್ಮಂತವ್ರ ಕೈನೂ ಅವು ನೋಡ್ಲಿ."

ಬಸವೇಶ ತಡವರಿಸಿ ಕ್ಯಾಮೆರಾ ಚೀಲಕ್ಕೆ ಸೇರಿಸುತ್ತಾರೆ. ದ್ಯಾವಯ್ಯ ತಮ್ಮ ವಾಸನೆ ಜಿಂಕೆಗಳತ್ತ ಹೋಗದಂತೆ ಗಾಳಿ ಎದುರಿಗೆ ಬೀಸುವ ಕಡೆಗೆ ಸರಿದು ಪೊದೆಯ ಹಿಂದೆ ಕೂರುತ್ತಾರೆ. ಎಂಟೂ ಜಿಂಕೆಗಳು ಬರುತ್ತವೆ. ಇಪ್ಪತ್ತು ಮಾರು, ಹತ್ತು, ಐದು. ಹೊಸ ಮನುಷ್ಯನನ್ನು ಕಂಡು ಒಂದೂ ನಿಲ್ಲುವುದಿಲ್ಲ. ಬಸವೇಶ ಕಲ್ಲು ಎಸೆಯುತ್ತಾರೆ. ಕಲ್ಲು ಹೆಣ್ಣು ಜಿಂಕೆಯ ಮುಂದೆಯೇ ಮೆತ್ತಗೆ ಬೀಳುತ್ತದೆ. ಅದು ಕತ್ತು ಬಗ್ಗಿಸಿ, ಬಿದ್ದ ಕಲ್ಲನ್ನು ಮೂಸಿ, ನಾಲಿಗೆ ಚಾಚಿ ನೆಕ್ಕುತ್ತದೆ.

"ಉಪ್ಪು ಅನ್ಕತು" ಎಂದು ಪೊದೆಯ ಹಿಂದಿನಿಂದ ಪಿಸುದನಿ ಬರುತ್ತದೆ. "ಇನ್ನೊಂದ್ ಒಡೀರಿ ಸಾ. ಈ ಸಲ ಮೈಗೇ ಬೀಳ್ಲಿ. ನೋವಾಗ್ಲಿ."