ಎಲೆಯಿಲ್ಲದ ಗಿಡಗಳ ಶಾಲೆ

ಹೋದ ತಿಂಗಳು ಊರಿನ ಇನ್ನೊಂದು ತುದಿಯ ಕೊಂಡಾಪುರಕ್ಕೆ ಹೊರಟಿದ್ದೆ. ಬಸ್ಸು ಬಾಲಾನಗರದ ಸಿಗ್ನಲ್ಲಿನಲ್ಲಿ ನಿಂತಾಗ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಹುಳಿಯಾದ, ಕಬ್ಬಿಣ ನೆಕ್ಕಿದಂಥ, ಗಂಟಲಿನ ಹಿಂಭಾಗಕ್ಕೆ ಹೋಗಿ ಕೂರುವ ವಾಸನೆ. ಅಲ್ಲಿ ಎಷ್ಟೋ ಕಾರ್ಖಾನೆಗಳು ಮುಚ್ಚಿವೆ, ಷೆಡ್ಡುಗಳಿದ್ದ ಕಡೆ ಅಂಗಡಿಗಳು ಬಂದಿವೆ. ಆದರೂ ಒಳಗಿನ ಗಲ್ಲಿಗಳಲ್ಲಿ ಲೋಹದ ಸಾಮಾನನ್ನು ಆಸಿಡ್ಡಿನಲ್ಲಿ ಅದ್ದಿ ತೆಗೆಯುವ ಕೆಲಸ ಇನ್ನೂ ನಡೆದಿರಬೇಕು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನನಗೆ ಗೋಡೆಯಾಚೆಯ ಅಕ್ಕ ನೆನಪಾದರು…

ಅವರನ್ನು ನಾನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ಬಾಲಾನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮನೆಯೊಳಗೆ ಮಾತಾಡುವಾಗ ಅವರು ಗೋಡೆಯಾಚೆಯ ಅಕ್ಕ, ಎದುರಿಗೆ ಸಿಕ್ಕಾಗ ಅಕ್ಕಾರ. ನಮ್ಮಪ್ಪನೂ ಅವರ ಯಜಮಾನರೂ ಒಂದೇ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಅವರದು ಕೊಪ್ಪಳದ ಕಡೆಯ ಊರು. ಅಕ್ಕ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಓದಿದ್ದರು. ತರಕಾರಿಯವಳ ಹತ್ತಿರ ತೆಲುಗು, ಹಾಲಿನವನ ಹತ್ತಿರ ಹಿಂದಿ, ಹೇಗೋ ನಿಭಾಯಿಸುತ್ತಿದ್ದರು. ಇಂಗ್ಲಿಷ್ ಮಾತ್ರ ಬರುತ್ತಿರಲಿಲ್ಲ.

ಅವರಿಗಿದ್ದದ್ದು ಒಬ್ಬಳೇ ಮಗಳು, ರೇಣುಕಾ. ಏಳು ವರ್ಷದ ಹುಡುಗಿಗೆ ದಮ್ಮು. ಬೆಳಿಗ್ಗೆ ನಾನು ಓದಲು ಕೂತರೆ ಗೋಡೆಯ ಆ ಕಡೆಯಿಂದ ಅವಳ ಉಸಿರು ಕೇಳುತ್ತಿತ್ತು, ಯಾರೋ ದೂರದಲ್ಲಿ ಸಣ್ಣ ಪೀಪಿ ಊದಿದ ಹಾಗೆ. ಹತ್ತಿರದ ಷೆಡ್ಡುಗಳಿಂದ ಹೊಗೆ ನಮ್ಮ ಕಡೆ ತಿರುಗಿದ ದಿನ ಆ ಪೀಪಿ ಜೋರಾಗುತ್ತಿತ್ತು.

ಅದಕ್ಕೇ ಅಕ್ಕ ದಿನಾ ಬೆಳಿಗ್ಗೆ ಹೊಸ್ತಿಲ ಮೇಲೆ ನಿಂತು ಚಿಮಣಿ ನೋಡುತ್ತಿದ್ದರು. ಹೊಗೆ ಯಾವ ಕಡೆ ಬಾಗುತ್ತಿದೆ ಎಂದು ನೋಡಿ, ಮಗಳನ್ನು ಯಾವ ದಾರಿಯಲ್ಲಿ ಶಾಲೆಗೆ ಕರೆದೊಯ್ಯಬೇಕೆಂದು ತೀರ್ಮಾನಿಸುತ್ತಿದ್ದರು. "ಇವತ್ತ ಗಾಳಿ ಈ ಕಡೆ ಹೊಳ್ಳೇತಿ ತಂಗಿ, ಮ್ಯಾಲಿನ ದಾರೀಲೆ ಹೋಗ್ತೀವಿ," ಎಂದು ನನಗೊಂದು ಮಾತು ಹೇಳಿ ಹೊರಡುತ್ತಿದ್ದರು. ಪಕ್ಕದಲ್ಲೇ ಇದ್ದ ಶಾಲೆ ಬಿಡಿಸಿ ಎರಡು ಮೈಲಿ ದೂರದ ಶಾಲೆಗೆ ಹಾಕಿದ್ದೂ ಗಾಳಿಯ ಲೆಕ್ಕದಿಂದಲೇ. ಓಣಿಯ ಹೆಂಗಸರು ನಗುತ್ತಿದ್ದರು. ನಾನೂ ನಕ್ಕಿದ್ದುಂಟು.

ನನಗಾಗ ಹತ್ತೊಂಬತ್ತು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಟರ್‌ಮೀಡಿಯೆಟ್ಟಿನಲ್ಲಿ ಇಂಗ್ಲಿಷ್ ವಿಷಯದಲ್ಲಿ ಕಾಲೇಜಿಗೇ ಮೊದಲು ಬಂದಿದ್ದೆ. ಓಣಿಯಲ್ಲಿ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ನನ್ನ ಹತ್ತಿರ ತರುತ್ತಿದ್ದರು. ಆ ಹೆಮ್ಮೆ ನನ್ನ ತಲೆಗೆ ಎಷ್ಟು ಏರಿತ್ತೆಂಬುದು ಆಗ ಗೊತ್ತಾಗಲಿಲ್ಲ.

ಆ ವರ್ಷ ಅಕ್ಕನ ಯಜಮಾನರಿಗೆ ಆಫ್ರಿಕಾದಲ್ಲಿ, ಜಾಂಬಿಯಾದ ಒಂದು ತಾಮ್ರದ ಗಣಿಯ ಊರಿನಲ್ಲಿ, ಮೂರು ವರ್ಷದ ಕೆಲಸ ಸಿಕ್ಕಿತು. ಹೆಂಡತಿ ಮಕ್ಕಳನ್ನು ಕರೆತರಬಹುದು, ಮಕ್ಕಳ ಶಾಲೆಯ ಖರ್ಚು ಕಂಪನಿಯದೇ. ದೊಡ್ಡ ಲಕೋಟೆಯೊಂದು ಬಂತು. ಅದರಲ್ಲಿ ಎರಡು ಪುಸ್ತಿಕೆ, ಒಂದು ಫಾರ್ಮು. ಮನೆ ಎಲ್ಲಿ ಬೇಕು, ಶಾಲೆ ಯಾವುದು ಬೇಕು ಎಂದು ಗುರುತು ಹಾಕಿ ಕಳಿಸಬೇಕು. ಒಂದನೆಯದು ತಾಮ್ರ ಕರಗಿಸುವ ಕಾರ್ಖಾನೆಯ ಕಾಲೊನಿ, ಶಾಲೆ ಅದರೊಳಗೇ. ಎರಡನೆಯದು ಒಂದು ಗಂಟೆಯ ದಾರಿಯಲ್ಲಿ ಗುಡ್ಡದ ಮೇಲಿನ ಹಳೆಯ ಊರು, ಅಲ್ಲಿಂದ ಕೆಲಸಗಾರರಿಗೆ ದಿನಾ ಬಸ್ಸು.

"ನಮ್ಮಾಕಿಗೆ ಓದಿ ತಿಳಿಸಿ ಹೇಳವ್ವಾ, ನೀ ಕಲಿತಾಕಿ ಇದ್ದಿ," ಎಂದು ಯಜಮಾನರು ಲಕೋಟೆ ಕೊಟ್ಟು ಷಿಫ್ಟಿಗೆ ಹೋದರು.

ಗುಡ್ಡದ ಶಾಲೆಯ ಪುಸ್ತಿಕೆ ಮಾಸಲು ಕಾಗದದ್ದು, ಚಿತ್ರವಿರಲಿಲ್ಲ. ಕಾಲೊನಿ ಶಾಲೆಯದು ನುಣುಪು ಕಾಗದ, ಬಣ್ಣದ ಚಿತ್ರಗಳು. ನೀಲಿ ಈಜುಕೊಳ, ಗಾಜಿನ ಬಾಗಿಲ ಲೈಬ್ರರಿ, ಬಿಳಿ ಕಾಲುಚೀಲದ ಮಕ್ಕಳು. ಅಂಥ ಶಾಲೆಯನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಓದುತ್ತ ಓದುತ್ತ ಅದು ನನಗೇ ಬೇಕೆನಿಸಿತು.

ಅಕ್ಕ ಕೇಳಿದ ಪ್ರಶ್ನೆಗಳೇ ಬೇರೆ. "ಗಾಳಿ ಯಾ ಕಡಿಂದ ಬೀಸತೈತಿ ಅಂತ ಬರದಾರೇನು? ಚಿಮಣಿ ಎಷ್ಟ ದೂರ ಐತಿ? ಅರಿವಿ ಎಲ್ಲಿ ಒಣಾ ಹಾಕ್ತಾರ?"

"ಇಂಥಾದ್ದೆಲ್ಲಾ ಬುಕ್ಕಿನಾಗ ಬರಿಯಂಗಿಲ್ರೀ ಅಕ್ಕಾರ," ಎಂದೆ.

ಅವರು ಶಾಲೆಯ ಚಿತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ತೋರಿಸಿದರು. "ಸಾಲಿ ಹಿಂದಿನ ಗಿಡಕ್ಕ ಒಂದೂ ಎಲಿ ಇಲ್ಲಲ್ಲ ತಂಗಿ, ಯಾಕ?"

ನೋಡಿದೆ. ನಿಜ, ಒಂದು ಸಾಲು ಗಿಡ ಬೋಳಾಗಿ ನಿಂತಿತ್ತು. ಯಾಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. "ಅಲ್ಲೀಗ ಚಳಿಗಾಲ ಇರಬೇಕ್ರಿ. ಚಳಿಗಾಲಕ್ಕ ಎಲಿ ಉದುರತಾವ," ಎಂದುಬಿಟ್ಟೆ. ಅದೇ ಚಿತ್ರದ ಮೂಲೆಯಲ್ಲಿ ತೋಳಿಲ್ಲದ ಅಂಗಿ ತೊಟ್ಟ ಮಕ್ಕಳು ಬಿಸಿಲಲ್ಲಿ ಓಡುತ್ತಿದ್ದರು.

ಅಕ್ಕ "ಹೂಂ" ಎಂದರು. ಕಾಲೊನಿಯ ಮನೆಗೆ, ಕಾಲೊನಿಯ ಶಾಲೆಗೆ ನಾನೇ ಪೆನ್ನಿನಿಂದ ಗುರುತು ಹಾಕಿದೆ.

ಕಾಲೊನಿ ಶಾಲೆಯ ಪುಸ್ತಿಕೆಯ ಕೊನೆಯ ಪುಟದಲ್ಲಿ ಒಂದು ಸಾಲಿತ್ತು. 'ಫ್ಯೂಮ್ಸ್' ಬರುವ ದಿನ ಗಂಟೆ ಬಾರಿಸಲಾಗುವುದು, ಆಗ ಮಕ್ಕಳನ್ನು ಒಳಗಿರಿಸಿ ಕಿಟಕಿ ಮುಚ್ಚಲಾಗುವುದು ಎಂದು. ಆ ಒಂದು ಪದದ ಅರ್ಥ ನನಗೆ ತಿಳಿಯಲಿಲ್ಲ. ತಿಳಿಯದ್ದು ಗೊತ್ತಾಗಬಾರದೆಂದು ಆ ಸಾಲನ್ನೇ ಬಿಟ್ಟು ಮುಂದಕ್ಕೆ ಓದಿದ್ದೆ. ಮರುದಿನ ಕಾಲೇಜಿನಲ್ಲಿ ಡಿಕ್ಷನರಿ ತೆಗೆದು ನೋಡಿದೆ. ಉಸಿರಿಗೆ ಕೆಟ್ಟದಾದ ಹೊಗೆ, ಆವಿ ಎಂದಿತ್ತು.

ಸಂಜೆ ಮನೆಗೆ ಬಂದಾಗ ಫಾರ್ಮು ಇನ್ನೂ ಅಲ್ಲೇ ಇತ್ತು, ಅವರ ದೇವರ ಗೂಡಿನಲ್ಲಿ, ಕುಂಕುಮ ಹಚ್ಚಿಸಿಕೊಂಡು. ಎರಡು ದಿನ ಅಲ್ಲೇ ಇತ್ತು. ಅಕ್ಕ ಮಗಳಿಗೆ ಈಜುಕೊಳದ ಕಥೆ ಹೇಳುತ್ತಿದ್ದರು. ನಾನು ಹೋಗಿ, ತಪ್ಪು ಓದಿದೆ ಎಂದು ಹೇಳಲಿಲ್ಲ. ಹೇಳಿದರೆ ಕಲಿತಾಕಿ ಎಂಬ ಹೆಸರು ಹೋಗುತ್ತದಲ್ಲ… ಮೂರನೆಯ ದಿನ ಯಜಮಾನರು ಅದನ್ನು ರಿಜಿಸ್ಟರ್ ಪೋಸ್ಟ್ ಮಾಡಿ ಬಂದರು.

ಅವರು ಹೊರಟ ಬೆಳಿಗ್ಗೆ ಟ್ಯಾಕ್ಸಿ ಬಂದು ನಿಂತಿತ್ತು. ಅಕ್ಕ ನನ್ನ ಗಲ್ಲ ಸವರಿ, "ನೀ ಇರಲಿಲ್ಲಂದ್ರ ನಮಗ ಏನ ತಿಳೀತಿತ್ತವ್ವಾ," ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ನಾಲ್ಕು ತಿಂಗಳಿಗೆ ಮೊದಲ ಪತ್ರ ಬಂತು. ನೀಲಿ ಏರೋಗ್ರಾಂ, ದುಂಡಗಿನ ಕನ್ನಡ ಅಕ್ಷರ. ಮನೆ ದೊಡ್ಡದು, ನಲ್ಲಿಯಲ್ಲಿ ಬಿಸಿನೀರು ಬರುತ್ತದೆ ಎಂದೆಲ್ಲ ಬರೆದು, ಕೊನೆಗೆ: "ಹಿತ್ತಲದಾಗ ಮೆಂತೆ ಹಾಕಿದ್ನಿ, ಎಂಟ ದಿನದಾಗ ಹಳದಿ ಆಗಿ ಸತ್ತು ಹೋತು." ಎರಡನೆಯ ಪತ್ರ ಚಿಕ್ಕದು. "ಒಣಾ ಹಾಕಿದ ಸೀರಿಗೆ ಸಣ್ಣ ಸಣ್ಣ ತೂತು ಬೀಳಾಕತ್ತಾವ. ವಾರದಾಗ ಎರಡ ಸಲ ಸಾಲ್ಯಾಗ ಗಂಟಿ ಹೊಡಿತಾರ. ರೇಣೂನ ಉಸಿರು ಭಾಳ ಕೆಟ್ಟೈತಿ. ಇಲ್ಲಿ ಚಳಿಗಾಲಾನೂ ನೋಡಿದ್ನಿ, ಮಳಿಗಾಲಾನೂ ನೋಡಿದ್ನಿ. ಆ ಗಿಡಕ್ಕ ಎಲಿ ಬರಲಿಲ್ಲ ತಂಗಿ."

ಅಷ್ಟೇ. ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಉತ್ತರ ಬರೆಯಲು ಮೂರು ಸಲ ಕೂತೆ. ಕ್ಷೇಮ ಎಂದು ಬರೆದು ಮುಂದೆ ಕೈ ಓಡಲಿಲ್ಲ. ಮೂರನೆಯ ಪತ್ರದಲ್ಲಿ, ಕೊಟ್ಟ ಮನೆ ಬದಲಿಸಲು ಕಂಪನಿಯವರು ಒಪ್ಪಲಿಲ್ಲವೆಂದೂ, ಮಗಳನ್ನು ಗುಡ್ಡದ ಶಾಲೆಯ ಹಾಸ್ಟೆಲಿಗೆ ಸೇರಿಸಿದ್ದೇವೆಂದೂ ಇತ್ತು. ಅದಕ್ಕೂ ನಾನು ಬರೆಯಲಿಲ್ಲ. ಆಮೇಲೆ ಪತ್ರ ಬರಲಿಲ್ಲ. ನನಗೆ ಕೆಲಸವಾಯಿತು, ಮದುವೆಯಾಯಿತು. ಬಾಗಿಲಲ್ಲಿ ಅಂಚೆಯವನು ನಿಂತರೆ ಮಾತ್ರ ನೀಲಿ ಕಾಗದ ಇದೆಯೇ ಎಂದು ಅವನ ಕೈ ನೋಡುತ್ತಿದ್ದೆ. ಆ ಹುಡುಗಿ ಇದ್ದಾಳೋ ಇಲ್ಲವೋ…

ಮೂರು ವರ್ಷ ಎಂದು ಹೋದವರು ಹನ್ನೊಂದು ವರ್ಷಕ್ಕೆ ತಿರುಗಿ ಬಂದರು. ಕಾಚಿಗೂಡದಿಂದ ಊರಿಗೆ ಹೋಗುವ ಗಾಡಿ ಹಿಡಿಯುತ್ತಾರೆ ಎಂದು ಅಮ್ಮ ಹೇಳಿಕಳಿಸಿದಳು. ದಾರಿಗೆಂದು ಬುತ್ತಿ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದೆ.

ಮೊದಲು ಕಂಡವಳು ರೇಣುಕಾ. ಎತ್ತರಕ್ಕೆ ಬೆಳೆದ, ನೆಟ್ಟಗೆ ನಿಂತ ಹುಡುಗಿ. ಎರಡು ಕೈಯಲ್ಲಿ ಎರಡು ಸೂಟ್‌ಕೇಸ್ ಹಿಡಿದು ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿದು ಬಂದಳು. ಒಂದಿಷ್ಟೂ ಏದುಸಿರಿಲ್ಲ. ನನಗೆ ನಗು ಬಂತು, ಅಳುವೂ ಬಂತು. ದೇವರೇ, ಏನೂ ಆಗಿಲ್ಲ ಎಂದುಕೊಂಡೆ. ಹುಡುಗಿ ಮಾತ್ರ ಸೂಟ್‌ಕೇಸ್ ಇಟ್ಟು ಪೇಪರ್ ಅಂಗಡಿಯ ಕಡೆ ಹೋದಳು, ಹಿಂದೆ ಯಾರು ಬರುತ್ತಿದ್ದಾರೆಂದು ತಿರುಗಿ ನೋಡಲಿಲ್ಲ.

ಆಗ ಕೇಳಿಸಿತು. ಗೋಡೆಯಾಚೆಯಿಂದ ಕೇಳುತ್ತಿದ್ದ ಅದೇ ಪೀಪಿ. ಮೆಟ್ಟಿಲ ಬುಡದಲ್ಲಿ ಕಂಬಿ ಹಿಡಿದು ನಿಂತಿದ್ದ ಅಕ್ಕನ ಎದೆಯಿಂದ ಬರುತ್ತಿತ್ತು. ನಲವತ್ತು ದಾಟಿದವರು ಅರವತ್ತರವರಂತೆ ಕಂಡರು. ತುಟಿ ನೀಲಿಗಟ್ಟಿತ್ತು.

ಯಜಮಾನರು ಸೀಟು ನೋಡಲು ಹೋದರು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಮಗಳನ್ನು ಆ ಗಣಿಯ ಊರಿನಲ್ಲಿ ಮತ್ತೆ ಕಾಲಿಡಗೊಡಲಿಲ್ಲ ಎಂದು ಅಕ್ಕ ತಡೆತಡೆದು ಹೇಳಿದರು. ರಜೆಗೂ ಕರೆಯಲಿಲ್ಲ. ತಾವೇ ಗುಡ್ಡಕ್ಕೆ ಹೋಗಿ, ಒಂದು ಕೋಣೆ ಹಿಡಿದು, ರಜೆ ಮುಗಿಯುವವರೆಗೆ ಇದ್ದು, ಮತ್ತೆ ಕಾಲೊನಿಗೆ ಮರಳುತ್ತಿದ್ದರು.

"ವಾಪಸ್ ಬಂದುಬಿಡಬೇಕಿತ್ತಲ್ರೀ," ಎಂದೆ.

"ಬಂದ್ರ ಮತ್ತ ಅದ ಬಾಲಾನಗರ. ಗುಡ್ಡದ ಮ್ಯಾಲ ಆಕಿ ಉಸಿರು ಹಸನಾಗಿತ್ತು. ಇವರ ನೌಕರಿ ಇದ್ದರ ಆ ಸಾಲಿ. ಇವರೊಬ್ಬರನ್ನ ಬಿಟ್ಟು ನಾ ಹ್ಯಾಂಗ ಇರಲಿ?"

ನಾನು ಎಲ್ಲವನ್ನೂ ಹೇಳಿದೆ. ಗಿಡದ ಸುಳ್ಳು, ಬಿಟ್ಟ ಸಾಲು, ಡಿಕ್ಷನರಿ, ಸುಮ್ಮನಿದ್ದ ಎರಡು ದಿನ. ಅಕ್ಕ ಪ್ಲಾಟ್‌ಫಾರ್ಮಿನ ಕಡೆ ನೋಡುತ್ತ ಕೇಳಿಸಿಕೊಂಡರು.

"ಎಲಿ ಇಲ್ಲದ್ದು ನೋಡಿದಾಕಿ ನಾನಽ ಅಲ್ಲೇನು? ನೋಡಿಯೂ ಹೂಂ ಅಂದ್ನಿ. ಆ ನೀಲಿ ನೀರು ನೋಡಿ ನನಗೂ ಆಸೆ ಆಗಿತ್ತು ತಂಗಿ." ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಆಕಿಗೆ ಹೇಳಬ್ಯಾಡ. ಅವ್ವ ನನ್ನ ದೂರ ಇಟ್ಟಳು ಅಂತ ಸಿಟ್ಟೈತಿ. ಇರಲಿ. ನನ್ನ ಎದಿ ಹಿಂಗಾಗಿದ್ದು ತನ್ನ ಸಲುವಾಗಿ ಅಂತ ತಿಳಿದ್ರ, ಆಕಿಗೆ ಹಗುರಾಗಿ ಉಸಿರಾಡಾಕ ಆಗಂಗಿಲ್ಲ."

ನಾನು ಮಾತು ಕೊಟ್ಟೆ. ಗಾಡಿ ಹೊರಟಿತು. ಮುಂದಿನ ಚಳಿಗಾಲ ಕಳೆಯುವ ಮೊದಲೇ ಅಕ್ಕ ಹೋದರು.

ಹೋದ ತಿಂಗಳು ನಾನು ಕೊಂಡಾಪುರಕ್ಕೆ ಹೊರಟದ್ದು ರೇಣುಕಾಳ ಮನೆಗೆ. ನನ್ನ ನಂಬರನ್ನು ಎಲ್ಲಿಂದಲೋ ಹುಡುಕಿ ಫೋನ್ ಮಾಡಿದ್ದಳು. ಅಲ್ಲಿನ ಆಫೀಸೊಂದರಲ್ಲಿ ದೊಡ್ಡ ಕೆಲಸ, ಎಂಟು ವರ್ಷದ ಮಗಳು. ಆಫೀಸಿನವರು ಹೊರದೇಶಕ್ಕೆ ಕಳಿಸುತ್ತಿದ್ದಾರೆ, ಮಗಳೂ ಜೊತೆಗೆ. ಒಂದು ತಿಂಗಳಿಂದ ಕಂಪ್ಯೂಟರಿನ ಮುಂದೆ ಕೂತು ಶಾಲೆ, ಬಡಾವಣೆ ನೋಡುತ್ತಿದ್ದಾಳಂತೆ. ಹಾಸ್ಟೆಲ್ಲಿರುವ ಶಾಲೆಯ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕಿದ್ದಳು. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದವಳು, ಚಹಾ ತಂದಿಟ್ಟು, ತಟ್ಟನೆ ಕನ್ನಡದಲ್ಲಿ ಕೇಳಿದಳು.

"ಅವ್ವ ನನ್ನ ಯಾಕ ಮನಿಗೆ ಕರೀಲಿಲ್ಲ?"

ಅವಳ ಕನ್ನಡ ಏಳನೆಯ ವಯಸ್ಸಿನಲ್ಲೇ ನಿಂತುಹೋಗಿತ್ತು. ನಲವತ್ತರ ಹತ್ತಿರದ ಹೆಂಗಸಿನ ಬಾಯಲ್ಲಿ ಆ ಮಗುವಿನ ಮಾತು ಕೇಳಿ ನನಗೆ ತಡೆದುಕೊಳ್ಳಲಾಗಲಿಲ್ಲ. ಕೊಟ್ಟ ಮಾತು ಮುರಿದೆ. ನನ್ನ ಪಾಲಿನದೂ ಬಿಡದೆ, ಎಲ್ಲವನ್ನೂ ಹೇಳಿದೆ.

ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದೆ. ಅವಳು ನನ್ನ ಮೇಲೆ ಕಣ್ಣೆತ್ತಲಿಲ್ಲ. ಒಳಗೆ ಮಗಳು ಟಿ.ವಿ. ನೋಡುತ್ತ ನಗುತ್ತಿದ್ದಳು.

"ರಜಾ ಸುರು ಆಗೋ ದಿನ ಅವ್ವ ಹಾಸ್ಟೆಲ್ ಮುಂದ ಬೆಂಚಿನ ಮ್ಯಾಲ ಕೂಡತಿದ್ಳು," ಎಂದಳು ರೇಣುಕಾ. "ಆಕಿ ಯಾರು ಅಂತ ಹುಡುಗೇರು ಕೇಳತಿದ್ರು. ಇಂಗ್ಲಿಷಿನಾಗ, ನಮ್ಮನಿ ಅಡಗಿಯಾಕಿ ಅಂದ್ನಿ. ಪ್ರತಿ ವರ್ಷ ಅಂದ್ನಿ." ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿ, "ಅಷ್ಟ ಇಂಗ್ಲಿಷ್ ಅವ್ವಗ ಬರತಿತ್ತು," ಎಂದಳು.

ಚಹಾ ಆರಿಹೋಯಿತು. ಕೆಳಗಿಳಿದು ಬರುವಾಗ, ಹೇಳಬಾರದಿತ್ತೇನೋ ಎಂದು ಅನಿಸಲು ಶುರುವಾದದ್ದು ಇನ್ನೂ ನಿಂತಿಲ್ಲ. ಕೇಳೋಣವೆಂದರೆ ಅಕ್ಕ ಇಲ್ಲ. ನನ್ನನ್ನು ತಂಗಿ ಎಂದು ಕರೆದು, ನನ್ನ ತಪ್ಪಿನಲ್ಲಿ ಅರ್ಧ ತಾವೇ ಎತ್ತಿಕೊಂಡ ಇನ್ನೊಬ್ಬರು ನನಗೆ ಈ ಊರಿನಲ್ಲಿ ಸಿಗಲಿಲ್ಲ…

ಮೊನ್ನೆ ರೇಣುಕಾ ಮತ್ತು ಮಗಳು ಹೊರಟರು. ಯಾವ ಊರು, ಯಾವ ಶಾಲೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.