ನಾಲ್ಕನೇ ನಾವಿಕನ ಚಹಾ ಲೋಟ

ಮನುಷ್ಯನನ್ನು ಅರಿಯಬೇಕಾದರೆ ಅವನು ಕುಡಿದಾದ ಮೇಲೆ ಚಹಾದ ಲೋಟ ಕೆಳಗಿಡುವುದನ್ನು ನೋಡಬೇಕು. ಮುಖಕ್ಕೆ ಬಣ್ಣವುಂಟು, ಮಾತಿಗೆ ಮರ್ಯಾದೆಯುಂಟು; ಖಾಲಿ ಲೋಟದ ಮುಂದೆ ಯಾರೂ ನಟಿಸುವುದಿಲ್ಲ. ಅನುಕರಣೆಯನ್ನೇ ಅರ್ಧ ಉದ್ಯೋಗ ಮಾಡಿಕೊಂಡ ನಾನು ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಎಷ್ಟೋ ಜನರನ್ನು ಲೋಟದ ಸಮೇತ ಕದ್ದಿದ್ದೇನೆ. ಅಂಥ ನಾನೇ ಒಬ್ಬ ಮಹಾನಟನನ್ನು ‘ಇವನಿಗೆ ನಟನೆಯೇ ಬರುವುದಿಲ್ಲ’ ಎಂದು ಗೆಳೆಯರೆದುರು ಸಾರಿದೆನೆಂಬ ಮೂರ್ಖತನವನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ, ಮುಂದೆ ನೀವು ನಗುವಾಗ ನಾನೂ ಜೊತೆಗೂಡಬಹುದು.

ಸಂಗತಿ ಒಂದು ವಿದೇಶಿ ವಿಜ್ಞಾನ ಧಾರಾವಾಹಿಯದು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ನೋಡಲು ಕೂತು ನನ್ನ ತಪ್ಪು ಹುಡುಕುತ್ತೀರಿ. ನಾನು ಹುಟ್ಟುವ ಮೊದಲೇ ಶುರುವಾಗಿ ನನಗೆ ಗಡ್ಡ ಬಂದರೂ ಮುಗಿಯದ ಆ ಕಥೆಯಲ್ಲಿ, ನಕ್ಷತ್ರದಿಂದ ನಕ್ಷತ್ರಕ್ಕೆ ಜನರನ್ನು ದಾಟಿಸುವ ನಾವಿಕನೊಬ್ಬನಿದ್ದಾನೆ. ಬ್ಯಾಕೋಡಿನ ಕಡೆ ಹಿನ್ನೀರು ದಾಟಿಸುವ ಲಾಂಚಿನವರ ಹಾಗೆಯೇ. ಅವರಂತೆ ಇವನು ಬಸ್ಸನ್ನೂ ಹತ್ತಿಸಿಕೊಳ್ಳುವುದಿಲ್ಲ, ಅಷ್ಟೆ. ದೇಹ ಸವೆದಾಗ ಅವನು ಹೊಸ ದೇಹ ತಳೆಯುತ್ತಾನೆ. ಅಂದರೆ ನಟ ಬದಲಾಗುತ್ತಾನೆ, ನಾವಿಕ ಅವನೇ.

ಇದನ್ನು ನಾನು ನೋಡುವುದು ಸಾಗರದಲ್ಲಿರುವ ನನ್ನ ಸೋದರತ್ತೆ ಗೌರತ್ತೆಯ ಜೊತೆ. ಹೊಸನಗರದಲ್ಲಿ ಗಣಿತ ಕಲಿಸಿ ನಿವೃತ್ತಳಾದ ಅತ್ತೆಗೆ ಯಕ್ಷಗಾನವೆಂದರೆ ಪ್ರಾಣ. ನಟ ಬದಲಾದಾಗಲೆಲ್ಲ ನಾನು ತಿಥಿಯೂಟಕ್ಕೆ ಕೂತವನಂತಿದ್ದರೆ, ಅವಳು ನಿರಾಳ: “ಎಂತ ಆತು ಈಗ? ಆಟದಲ್ಲಿ ಪೂರ್ವಾರ್ಧದ ರಾಜ ಬೇರೆ, ಉತ್ತರಾರ್ಧದ ರಾಜ ಬೇರೆ. ಮೊದಲಿನವ ಸಿಟ್ಟು ಎಲ್ಲಿ ಬಿಟ್ಟಿದ್ನೋ, ಎರಡನೆಯವ ಅಲ್ಲಿಂದ್ಲೇ ಎತ್ತಿದ್ರೆ ಆತು. ಮೂಗು ಬೇರೆ ಆದ್ರೆ ಎಂತ ಅಡ್ಡಿ ಇಲ್ಲೆ.”

ಅವಳ ಆ ಮಾತನ್ನೂ ನನ್ನ ಲೋಟದ ಅಳತೆಗೋಲನ್ನೂ ಹಿಡಿದು ನಾವು ನಟರನ್ನು ಅಳೆಯುತ್ತ ಬಂದೆವು. ಮೊದಲನೆಯವನು ಗರ್ಜಿಸುವ ನಾವಿಕ. ಚಹಾ ಕುಡಿದು ಲೋಟವನ್ನು ಕುಟ್ಟಿ ಇಡುತ್ತಾನೆ. ಎರಡನೆಯವನು ಚೇಷ್ಟೆಗಾರ, ಇಡುವ ಮೊದಲು ಬೆರಳಲ್ಲೊಮ್ಮೆ ತಿರುಗಿಸುತ್ತಾನೆ. ಮೂರನೆಯವನು ವಿರಹಿ, ಲೋಟವನ್ನು ಬೀಳ್ಕೊಡುವಂತೆ ನೋಡುತ್ತಾನೆ. ಮೂವರನ್ನೂ ನಾನು ಕನ್ನಡಿಯ ಮುಂದೆ ಒಂದೇ ಬೆಳಿಗ್ಗೆ ಹಿಡಿದೆ. ನಾಲ್ಕನೆಯವನಲ್ಲಿ ಮಾತ್ರ ಹಿಡಿಯಲು ಹಿಡಿಕೆಯೇ ಇರಲಿಲ್ಲ. ಬರುತ್ತಾನೆ, ಕೂರುತ್ತಾನೆ, ಹೋಗುತ್ತಾನೆ. ನನ್ನ ಕೈಗೆ ಸಿಗದವನು ನಟನೇ ಅಲ್ಲವೆಂದು ತೀರ್ಪು ಕೊಟ್ಟೆ. ಕೋಣಂದೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯ ದಿನೇಶ, ಆ ನಾಲ್ಕನೆಯವನ ಪರಮಭಕ್ತ, ಉರಿದುಹೋದ.

“ಎಂತ ಮಾರಾಯ, ಬಾಯಿಗೆ ಬಂದಂಗೆ ಮಾತಾಡ್ತೀಯ? ಭಾನುವಾರ ತೀರ್ಥಹಳ್ಳೀಲಿ ಎಲ್ರೂ ಸೇರ್ತೀವಲ್ಲ, ಅಲ್ಲಿ ಅವನ್ನ ಮಾಡಿ ತೋರ್ಸು. ಆಗ್ಲಿಲ್ವಾ, ಇನ್ಮೇಲೆ ಮಿಮಿಕ್ರಿ ಅನ್ನೋ ಮಾತೇ ಎತ್ಬೇಡ.”

ಮೂರು ತಾಲ್ಲೂಕುಗಳಲ್ಲಿ ಈ ಧಾರಾವಾಹಿಯ ಅಭಿಮಾನಿಗಳೆಲ್ಲ ಒಂದು ಓಮ್ನಿ ವ್ಯಾನಿನಲ್ಲಿ ಹಿಡಿಸುತ್ತಾರೆ, ನಿಜ. ಆದರೆ ನನಗಿರುವ ಆಸ್ತಿ ಮಿಮಿಕ್ರಿಯವನೆಂಬ ಅದೊಂದೇ ಹೆಸರು. ಅದು ಹೋದರೆ ನಾನು ಬರೀ ವಾಚಾಳಿ. ಒಪ್ಪಿಕೊಂಡೆ.

ಶನಿವಾರ ಮಧ್ಯಾಹ್ನ ಅತ್ತೆಯ ಮನೆಯಲ್ಲಿ, ನಾಲ್ಕನೆಯವನನ್ನು ಹಿಡಿಯಲೆಂದೇ, ಅವನ ಕೊನೆಯ ಕಂತು ಹಾಕಿದೆ. ದೇಹ ಬಿಡುವ ಗಳಿಗೆ. ಮೊದಲನೆಯವನು ಅಲ್ಲಿ ಆಕಾಶ ಬಿರಿಯುವಂತೆ ಕೂಗಿದ್ದ. ಮೂರನೆಯವನು ಅತ್ತು ನಮ್ಮನ್ನೂ ಅಳಿಸಿದ್ದ. ಇವನು ಚಹಾ ಕುಡಿದ. ಪಕ್ಕದಲ್ಲಿ, ಊರು ಕಳೆದುಕೊಂಡ ಪ್ರಯಾಣಿಕರ ಪುಟ್ಟ ಮಗುವೊಂದು ಕೊನೆಗೂ ನಿದ್ದೆ ಹೋಗಿತ್ತು. ಬೆರಳ ತುದಿಯಿಂದ ಬೆಳಕು ಕರಗತೊಡಗಿದಾಗ ಅವನು ಲೋಟವನ್ನು ಕೆಳಗಿಟ್ಟ, ಮೊದಲು ಕಿರುಬೆರಳನ್ನು ಮೇಜಿಗೆ ಊರಿ, ಅದರ ಮೇಲೆ ಲೋಟವನ್ನು ಇಳಿಸಿ, ಆಮೇಲೆ ಬೆರಳನ್ನು ಮೆಲ್ಲಗೆ ಎಳೆದುಕೊಂಡು. ಸದ್ದಾಗಲಿಲ್ಲ. ಮಗು ಏಳಲಿಲ್ಲ. ಅವನು ಇರಲಿಲ್ಲ.

ಓದುಗರೇ, ಇಡೀ ಬ್ರಹ್ಮಾಂಡ ಸುತ್ತಿದವನೊಬ್ಬ ತನ್ನ ಸಾವನ್ನು ಮಗುವಿನ ನಿದ್ದೆಗಿಂತ ಚಿಕ್ಕದು ಮಾಡಿಕೊಂಡದ್ದನ್ನು ನಾನು ನೋಡಿದೆ. ನನಗೆ ರೋಮಾಂಚನವಾಯಿತು. ಏನೂ ಮಾಡುವುದಿಲ್ಲವೆಂದು ನಾನು ಜರೆದಿದ್ದವನು ಇಷ್ಟನ್ನೂ ಮಾಡುತ್ತಲೇ ಇದ್ದ, ತಾನು ಮಾಡುತ್ತಿದ್ದೇನೆಂದು ಒಮ್ಮೆಯೂ ತೋರಿಸದೆ. ಅತ್ತೆಯ ಕೈಯಲ್ಲಿನ ಚಹಾಕ್ಕೆ ಕೆನೆ ಕಟ್ಟಿತ್ತು.

ಆದರೂ ಬುದ್ಧಿ ಬರಬೇಕಲ್ಲ! ಹಿಡಿಕೆ ಸಿಕ್ಕಿತೆಂದು ಎದ್ದೆ. ಅತ್ತೆಯ ಮುಂದೆ ಮೂವರನ್ನೂ ಆಡಿ ತೋರಿಸಿದೆ. ನಕ್ಕಳು, ಒಬ್ಬೊಬ್ಬರನ್ನೂ ಗುರುತಿಸಿದಳು. ಆಮೇಲೆ ನಾಲ್ಕನೆಯವನು. ಕೂತೆ, ಕಿರುಬೆರಳು ಊರಿದೆ, ಲೋಟ ಇಳಿಸಿದೆ, ಎಳ್ಳಷ್ಟೂ ಸದ್ದಿಲ್ಲ. ಕಣ್ಣಂಚಿನಲ್ಲಿ ಅತ್ತೆಯನ್ನು ನೋಡಿದೆ. ನಗುವಿಲ್ಲ. ಮತ್ತೊಮ್ಮೆ ಇಟ್ಟೆ, ಇನ್ನೂ ಮೆಲ್ಲಗೆ, ಹುಬ್ಬಿನಲ್ಲಿ ಒಂದಿಷ್ಟು ವಿಷಾದ ಬೆರೆಸಿ.

“ಹ್ಯಾಂಗೆ ಅತ್ತೆ, ಬಂದ್ನಾ?” ಎಂದೆ.

ಅತ್ತೆ ತನ್ನ ಲೋಟವನ್ನು ಠಣ್ಣನೆ ಮೇಜಿನ ಮೇಲಿಟ್ಟು ಹೇಳಿದಳು:

“ಬಾಗ್ಲಲ್ಲೇ ನಿಂತಿದ್ದ ತಮಾ. ನೀ ಒಂಚೂರು ಸರ್ಕಂಡ್ರೆ ಅಂವ ಒಳಗೆ ಬತ್ತ.”